ತಮ್ಮ ಕಳಿಸಿದ ಉಳಿಗಳು

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅವಳು ಹೊಸ ಉಳಿಗಳ ಗ್ರೀಸು ಒರೆಸುತ್ತಿದ್ದಳು. ಕಬ್ಬಿಣ ಕಡಿಯುವ ಉಳಿಗಳು. ಪೇಟೆಯಲ್ಲಿ ಅಂಗಡಿ ಇಟ್ಟಿರುವ ತಮ್ಮ ಕಳಿಸಿದ್ದು. ಗ್ರೀಸಿನ ಕೆಳಗೆ ಬಣ್ಣ, ಬಣ್ಣದ ಕೆಳಗೆ ತುಕ್ಕು. ಅಂಚಿನಲ್ಲಿ ಕೈ ಕೊಯ್ಯುವಂಥ ಮುಳ್ಳು. ಅವಳು ಉಜ್ಜಿ, ಸಾಣೆ ಹಿಡಿದು, ಎಣ್ಣೆ ಸವರಿ ಸಾಲಾಗಿ ಇಟ್ಟಮೇಲೆ ಯಾರೂ ಬೆರಳು ಮಾಡಿ ತೋರಿಸುವಂತಿರಲಿಲ್ಲ.

ಕೆಲಸದ ಶೆಡ್ಡಿನಿಂದ ಗಂಡ ಬಂದು ಬಾಗಿಲಿಗೆ ಒರಗಿದ. "ಮಕ್ಕಳಿಗೂ ಇಷ್ಟು ಸ್ನಾನ ಮಾಡಿಸ್ಲಿಲ್ವಲ್ಲೇ ನೀನು."

"ಹೊಸ ಸಾಮಾನು ಅಂದ್ರೆ ಅಷ್ಟು ಕೊಳೆ ಇದ್ದೇ ಇರುತ್ತೆ ರೀ," ಎಂದು ಅವಳು ಸಾಣೆಯ ಕಡೆ ತಿರುಗಿದಳು.

ಸುಳ್ಳು. ಅವಳ ತಮ್ಮ ಅಗ್ಗದ ಮಾಲಿಗೆ ಕೈ ಹಾಕಿದಾಗಿನಿಂದ ಅವನು ಕಳಿಸಿದ ಸುತ್ತಿಗೆಯ ತಲೆ ಅಲ್ಲಾಡುತ್ತಿತ್ತು, ಇಕ್ಕಳದ ಬಾಯಿ ಕೂಡುತ್ತಿರಲಿಲ್ಲ. ಗಂಡನ ಕಣ್ಣಿಗೆ ಬೀಳುವ ಮೊದಲೇ ಬೆಣೆ ಬಡಿದು, ಅರ ಹಾಕಿ ಉಜ್ಜಿ, ತಾನೇ ಎತ್ತಿ ಆಡಿಸಿದ ತಮ್ಮನ ಮಾನ ಉಳಿಸುತ್ತ ಬಂದಿದ್ದಳು. 'ಇಂಥ ಮಾಲು ಕಳಿಸಬೇಡ, ಮಾರಲೂ ಬೇಡ' ಎಂದು ಕಾಗದ ಬರೆದು ಒಂದು ಮಳೆಗಾಲವೇ ಕಳೆದಿತ್ತು. ಕಳಿಸಲು ಕೈ ಬಂದಿರಲಿಲ್ಲ. ಫೋನು ಮಾಡಿದರೆ ಆ ಕಡೆಯಿಂದ "ಅಕ್ಕಾ" ಅಂದ ಕೂಡಲೇ ಇವಳ ನಾಲಿಗೆ ಕಟ್ಟಿಹೋಗುತ್ತಿತ್ತು.

ಕೊನೆಯ ಉಳಿಯ ತಲೆಗೆ ಅರ ಹಚ್ಚಿದಳು. ಅರ ಕಚ್ಚದೆ ಗಾಜಿನ ಮೇಲಿಂದ ಜಾರಿದ ಹಾಗೆ ಜಾರಿತು. ಉಳಿಯ ಬಾಯಿ ಗಟ್ಟಿ ಇರಬೇಕು, ಏಟು ತಿನ್ನುವ ತಲೆ ಮೆತ್ತಗಿರಬೇಕು. ತಲೆಯೂ ಅಷ್ಟೇ ಗಟ್ಟಿಯಾದರೆ ಹೊಡೆದಾಗ ಚೂರು ಸಿಡಿಯುತ್ತದೆ. ಒರೆಸಿಟ್ಟ ಇನ್ನೊಂದನ್ನು ಎತ್ತಿ ನೋಡಿದಳು. ಅದೂ ಜಾರಿತು. ಇದು ಉಜ್ಜಿದರೆ ಹೋಗುವ ಕೊಳೆಯಲ್ಲ.

ಮತ್ತೊಂದಕ್ಕೆ ಕೈ ಚಾಚಿದಳು. ಸಾಲಿನ ನಡುವೆ ಒಂದು ಜಾಗ ಖಾಲಿಯಿತ್ತು.

ಶೆಡ್ಡಿನಲ್ಲಿ ಸುತ್ತಿಗೆ ಏಟು ಶುರುವಾಯಿತು.

"ರೀ, ನಿಲ್ಲಿಸಿ," ಎನ್ನುತ್ತ ಓಡಿದಳು. ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ಚೂರು ಸಿಡಿದು ಕಣ್ಣಿಗೆ ಬೀಳದಂತೆ ಹಾಕುವ ಅವನ ಕನ್ನಡಕ ಮೊಳೆಯಲ್ಲೇ ನೇತಾಡುತ್ತಿತ್ತು. ಅವಳು ಹೊಸ್ತಿಲು ದಾಟುವಷ್ಟರಲ್ಲಿ ಟಣ್ಣನೆ ಸದ್ದಾಗಿ ಅವನು ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ರಕ್ತ ಇಳಿಯಿತು.

"ಕೈ ತೆಗೀರಿ. ನನ್ನನ್ನ ನೋಡಿ."

"ತಡಿಯೇ."

ಅವಳೇ ಒಂದೊಂದು ಬೆರಳು ಬಿಡಿಸಿದಳು. ಚೂರು ಕಣ್ಣಿನ ಕೆಳಗೆ, ಮೂಳೆಯ ಮೇಲೆ ನಾಟಿತ್ತು.

"ಕಾಣುತ್ತಾ?"

"ಕಾಣುತ್ತೆ. ದಿನಾ ನೋಡೋ ಮುಖಾನೇ."

ಅವಳಿಗೆ ನಗು ಬರಲಿಲ್ಲ. ಅವನು ಉಳಿಯನ್ನು ತಿರುಗಿಸಿ ನೋಡುತ್ತ ಅಂದ, "ನೀನು ಒರೆಸಿಟ್ಟಿದ್ದಲ್ವಾ, ಸರಿಯಾಗೇ ಇರುತ್ತೆ ಅಂತ ಕನ್ನಡಕಾನೂ ಹಾಕ್ಲಿಲ್ಲ."

ಅವಳು ಅವನ ಕೈಯಿಂದ ಉಳಿ ಕಿತ್ತುಕೊಂಡಳು. "ತಮ್ಮನ ಮಾಲು ಬಹಳ ದಿನದಿಂದ ಹೀಗೇ ಇದೆ. ನಾನೇ ತಿಕ್ಕಿ ತಿಕ್ಕಿ ಮುಚ್ಚಿಟ್ಟೆ."

ಅವನು "ಇದನ್ನ ಇನ್ನೆಷ್ಟು ಜನ ಕೊಂಡಿದ್ದಾರೋ," ಎಂದಷ್ಟೇ ಹೇಳಿದ.

ಆಸ್ಪತ್ರೆಯಲ್ಲಿ ಚೂರು ತೆಗೆದು ಪಟ್ಟಿ ಹಾಕಿದರು. ಮನೆಗೆ ಬಂದವಳೇ ಕಳಿಸದೆ ಇಟ್ಟಿದ್ದ ಆ ಕಾಗದದ ಕೊನೆಗೆ ಬರೆದಳು: 'ಮಾರಿದ ಉಳಿಗಳನ್ನೆಲ್ಲ ವಾಪಸು ತರಿಸು. ಒಂದರ ಚೂರು ಇವತ್ತು ನಿನ್ನ ಭಾವನ ಮುಖಕ್ಕೆ ನಾಟಿತು.' ಉಳಿಗಳನ್ನು ಗೋಣಿಯಲ್ಲಿ ಸುತ್ತಿ, ಪೇಟೆಗೆ ಹೊರಟ ಸಂಜೆ ಬಸ್ಸಿಗೆ ಹೊತ್ತು ತಂದಳು.

ಪರಿಚಯದ ಕಂಡಕ್ಟರು ಗಂಟಿನ ಭಾರ ನೋಡಿ ನಕ್ಕ. "ತಮ್ಮನಿಗೆ ತಿಂಡಿಯಾ ಅಕ್ಕ?"

"ಅಲ್ಲಪ್ಪ, ಅವನ ಸಾಮಾನೇ. ಕಾಗದ ಮಾತ್ರ ಅವನ ಕೈಯಲ್ಲೇ ಕೊಡು."

ಅವನು ಅದನ್ನು ಜೇಬಿಗೆ ಹಾಕಿಕೊಳ್ಳುವವರೆಗೂ ಅವಳು ಮೆಟ್ಟಿಲು ಬಿಟ್ಟು ಇಳಿಯಲಿಲ್ಲ. ಆಮೇಲೆ ಬಸ್ಸು ಹೊರಟಿತು.