ಉಸಿರಾಡುವ ಕೋಟು

ನಮ್ಮ ದೊಡ್ಡಪ್ಪನ ಕೋಟು ಉಸಿರಾಡುತ್ತದೆ; ಅದರ ಉಸಿರಿಗೂ ದೊಡ್ಡಪ್ಪನ ಉಸಿರಿಗೂ ತಾಳೆಯಾಗುವುದಿಲ್ಲ. ಅವರು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಒಂದು ಸಲ ನಿಧಾನವಾಗಿ ಉಸಿರೆಳೆದು ಬಿಡುವಷ್ಟರಲ್ಲಿ ಎದೆಯ ಬಲಗಡೆ ಒಂದು ಉಬ್ಬು ಪಟಪಟನೆ ಏರಿ ಇಳಿದಿರುತ್ತದೆ, ಪಕ್ಕೆಯ ಹತ್ತಿರ ಇನ್ನೊಂದು ಉಬ್ಬು ಸ್ವಲ್ಪ ಜರುಗಿ, ತಿರುಗಿ, ಮತ್ತೆ ಸುಮ್ಮನಾಗಿರುತ್ತದೆ, ಇದನ್ನು ಮೊದಲ ಸಲ ನೋಡಿದವರು ಆಡುತ್ತಿದ್ದ ಮಾತು ಮರೆತು ಆ ಕೋಟನ್ನೇ ನೋಡುತ್ತಾ ಕೂತುಬಿಡುತ್ತಾರೆ. ಒಮ್ಮೆ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬರು ನೋಡಿ ನೋಡಿ ಕೊನೆಗೆ, "ಯಜಮಾನ್ರೇ, ನಿಮ್ಮ ಎದೆ ಓಡಾಡ್ತಿದೆ" ಎಂದರಂತೆ. ದೊಡ್ಡಪ್ಪ ಕಣ್ಣು ಬಿಡದೆಯೇ, "ತಡೀರಿ, ಈಗ ಮಲಗ್ತಾನೆ" ಎಂದರಂತೆ. ಆಕೆ ಮುಂದಿನ ಸ್ಟಾಪಿನಲ್ಲೇ ಇಳಿದುಹೋದರು.

ಒಳಗಿರುವುದು ಹ್ಯಾಮ್‌ಸ್ಟರ್‌ಗಳು, ಮನೆಗಳಲ್ಲಿ ಸಾಕುವ, ಇಲಿಯ ಜಾತಿಯ ಮುಷ್ಟಿಗಾತ್ರದ ಪ್ರಾಣಿಗಳು. ಎಲ್ಲವೂ ಕಾಯಿಲೆಯವು. ಹಲ್ಲು ಬೆಳೆದು ಬೆಳೆದು ಬಾಯಿ ಮುಚ್ಚಲಾಗದವನು, ಕೆನ್ನೆಯ ಚೀಲದಲ್ಲಿ ಕೀವು ತುಂಬಿಕೊಂಡವಳು, ಎರಡೂ ಕಣ್ಣು ಬೆಳ್ಳಗಾದ ಒಬ್ಬ ಮುದುಕ. ದೊಡ್ಡಪ್ಪನದು ಮೆಟ್ಟಿಲ ಕೆಳಗಿನ ಪುಟ್ಟ ಟೈಲರಿಂಗ್ ಅಂಗಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ, ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಸೊಂಟ ಬಿಚ್ಚುವುದು, ಜಿಪ್ ಬದಲಾಯಿಸುವುದು, ಇಷ್ಟೇ. ಆದರೆ ಅಲ್ಲಿಗೆ ಪ್ಯಾಂಟಿನಷ್ಟೇ ಹ್ಯಾಮ್‌ಸ್ಟರ್‌ಗಳೂ ಬರುತ್ತವೆ. ಔಷಧಿಯನ್ನು ಡಾಕ್ಟರು ಬರೆದುಕೊಡುತ್ತಾರೆ, ಸರಿ; ಉಗುರಿನಷ್ಟೂ ಅಗಲದ ಬಾಯಿ ಇಲ್ಲದ ಪ್ರಾಣಿಗೆ ಸೂಜಿ ತೆಗೆದ ಸಿರಿಂಜಿನಿಂದ, ತುಟಿಯ ಮೂಲೆಯಲ್ಲಿ, ಮೂಗಿಗೆ ಹತ್ತದ ಹಾಗೆ ಹನಿಹನಿಯಾಗಿ ಕುಡಿಸುತ್ತಾ ಕೂರುವವರು ಬೇಕಲ್ಲ, ಎಲ್ಲರಿಗೂ ಆಫೀಸು, ಎಲ್ಲರಿಗೂ ಕಾಲೇಜು. ತಂದು ಬಿಟ್ಟುಹೋಗುತ್ತಾರೆ. ಬಾಲದ ಬುಡ ಒದ್ದೆಯಾಗಿ ಭೇದಿ ಹಿಡಿದವರನ್ನು ಮಾತ್ರ ದೊಡ್ಡಪ್ಪ ಕೋಟಿಗೆ ಸೇರಿಸುವುದಿಲ್ಲ. ಅದು ಅಂಟುವ ಕಾಯಿಲೆ, ಅವರಿಗೆ ಬೇರೆ ಪೆಟ್ಟಿಗೆ, ಬೇರೆ ಬಟ್ಟೆ. ಉಳಿದವರಿಗೆ ಒಬ್ಬೊಬ್ಬರಿಗೂ ಒಂದೊಂದು ಜೇಬು, ಏಕೆಂದರೆ ಹ್ಯಾಮ್‌ಸ್ಟರ್‌ಗಳಿಗೆ ಜೊತೆ ಆಗುವುದಿಲ್ಲ, ಇಬ್ಬರನ್ನು ಒಂದೇ ಕಡೆ ಬಿಟ್ಟರೆ ಒಬ್ಬರು ಉಳಿಯುತ್ತಾರೆ.

ಕೋಟಿನದೇ ಒಂದು ಕಥೆ. ತೋಳಿನ ಉದ್ದ ಕಡಿಮೆ ಮಾಡಿ ಎಂದು ಯಾರೋ ಕೊಟ್ಟುಹೋದದ್ದು, ಬೂದಿ ಬಣ್ಣದ ದಪ್ಪ ಉಣ್ಣೆಯದು. ಕೊಟ್ಟವರು ತಿರುಗಿ ಬರಲೇ ಇಲ್ಲ. ದೊಡ್ಡಪ್ಪ ಒಳಗೆಲ್ಲ ಮೆತ್ತನೆ ಜೇಬು ಹೊಲಿದರು, ತೋಳು ಮಾತ್ರ ಮುಟ್ಟಲಿಲ್ಲ, ಹಾಗಾಗಿ ಅವರ ಕೈಗಳು ಎಲ್ಲೋ ಒಳಗೆ ಮುಳುಗಿ ಬೆರಳ ತುದಿಗಳಷ್ಟೇ ಹೊರಗೆ ಕಾಣುತ್ತವೆ. ಬಿರು ಬಿಸಿಲಿನಲ್ಲೂ ಅದನ್ನು ತೆಗೆಯುವುದಿಲ್ಲ. ನಡೆಯುವಾಗ ಕೈ ಬೀಸುವುದಿಲ್ಲ, ಅಂಚಿನವರೆಗೆ ನೀರು ತುಂಬಿದ ಪಾತ್ರೆ ಹಿಡಿದವರಂತೆ ಜಾರುತ್ತಾ ಬರುತ್ತಾರೆ, ಕೂರುವುದಕ್ಕೇ ಅರ್ಧ ನಿಮಿಷ ಬೇಕು. "ನೋಡು, ಕೋಳಿ ಕಾವಿಗೆ ಕೂತ್ಕೊಳ್ತು" ಎನ್ನುತ್ತಾರೆ ದೊಡ್ಡಮ್ಮ. ಯಾರು ಏನು ಹೇಳಿದರೂ ದೊಡ್ಡಪ್ಪನ ಬಾಯಿಂದ ಮೊದಲು ಬರುವ ಮಾತು, "ತಡಿ." ಊಟಕ್ಕೆ ಕರೆದರೆ ತಡಿ, ಫೋನು ಹೊಡೆದುಕೊಂಡರೆ ತಡಿ, ಅವರ ಮದುವೆಯ ಫೋಟೋದಲ್ಲೂ ಮುಖ "ತಡಿ" ಎನ್ನುತ್ತಿರುವ ಹಾಗೇ ಇದೆ.

ಆದರೆ ನನ್ನನ್ನು ಚಿಕ್ಕಂದಿನಿಂದ ಕಾಡಿದ್ದು ಎಡಗಡೆಯ ಕೆಳಗಿನ ಜೇಬು. ಎಲ್ಲಕ್ಕಿಂತ ಮೆತ್ತನೆಯದು, ಎಲ್ಲಕ್ಕಿಂತ ಚೆನ್ನಾಗಿ ಹೊಲಿದದ್ದು, ಅದರಲ್ಲಿ ಯಾರನ್ನೂ ಇಡುವುದಿಲ್ಲ. ಆದರೂ ಕೂರುವಾಗ ದೊಡ್ಡಪ್ಪ ಎತ್ತಿ ಹಿಡಿಯುವುದು ಆ ಕಡೆಯನ್ನೇ. ಬೆಳಿಗ್ಗೆ ಅದರೊಳಗೆ ಒಂದು ಸೂರ್ಯಕಾಂತಿ ಬೀಜ ಹಾಕುತ್ತಾರೆ, ಸಂಜೆ ಕೈ ಹಾಕಿ ಸಿಪ್ಪೆ ತೆಗೆದು ಬಿಸಾಡುತ್ತಾರೆ. ಒಂದು ದಿನ ಕೇಳಿದೆ. ದೊಡ್ಡಮ್ಮ ನನ್ನ ಮುಖ ನೋಡದೆ, "ಅವರೇ ತಿಂತಾರೆ ಬಿಡು" ಎಂದರು.

ಹೋದ ಚಳಿಗಾಲದ ಒಂದು ಭಾನುವಾರ ನಮ್ಮ ಸಾಹೇಬರು ತೀರಿಕೊಂಡರು. ಸಾಹೇಬರು ಎಂದರೆ ನನ್ನ ತಂಗಿಯ ಹ್ಯಾಮ್‌ಸ್ಟರ್. ಎರಡೂ ಕೆನ್ನೆ ಉಬ್ಬಿಸಿಕೊಂಡು ಫೈಲಿಗೆ ಸಹಿ ಹಾಕಲು ಒಲ್ಲದ ಅಧಿಕಾರಿಯ ಹಾಗೆ ಕೂರುತ್ತಿದ್ದುದಕ್ಕೆ ಆ ಹೆಸರು. ರಾತ್ರಿ ಕಿಟಕಿ ಮುಚ್ಚುವುದು ಮರೆತುಹೋಗಿತ್ತು. ಬೆಳಿಗ್ಗೆ ನೋಡಿದರೆ ಉಂಡೆಯಾಗಿ ಸುತ್ತಿಕೊಂಡು ಹೊಳೆಯ ಕಲ್ಲಿನಷ್ಟು ತಣ್ಣಗಿದ್ದರು. ತಂಗಿ ಅತ್ತು ಅತ್ತು ಬಿಕ್ಕಳಿಸುತ್ತಿದ್ದಳು. ಅಪ್ಪ ರಟ್ಟಿನ ಡಬ್ಬಿ ತಂದರು, ಅಮ್ಮ ಕರವಸ್ತ್ರ ಹಾಸಿದರು, ಟೆರೇಸಿನ ದೊಡ್ಡ ಹೂಕುಂಡದಲ್ಲಿ ಮಣ್ಣು ಮಾಡಿ ಕೆಳಗಿಳಿದು ಕಾಫಿಗೆ ಇಟ್ಟೆವು. ಕಾಫಿ ಕುದಿಯುವ ಮೊದಲೇ ಅಪ್ಪನ ಪ್ಯಾಂಟು ಕೊಡಲು ದೊಡ್ಡಪ್ಪ ಬಂದರು.

"ಸಾಹೇಬ್ರು ಎಲ್ಲಿ?"

"ಹೋದ್ರು ಭಾವ," ಅಮ್ಮ ದನಿ ತಗ್ಗಿಸಿದರು. "ಈಗಷ್ಟೇ ಮಣ್ಣು ಮಾಡಿ ಬಂದ್ವಿ."

"ಬೆಚ್ಚಗೆ ಮಾಡಿ ನೋಡಿದ್ರಾ?"

ಅಪ್ಪ, "ಅಣ್ಣ, ಅದು ಕಲ್ಲಾಗಿತ್ತು" ಎಂದರು.

"ಸುತ್ಕೊಂಡಿದ್ನಾ, ಚಾಚ್ಕೊಂಡಿದ್ನಾ?"

"ಸುತ್ಕೊಂಡಿದ್ದ," ಎಂದಳು ತಂಗಿ.

ದೊಡ್ಡಪ್ಪ ಓಡಿದರು. ನಂಬಿ, ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ: ಉದ್ದ ತೋಳುಗಳು ಹಿಂದೆ ಹಾರುತ್ತಾ, ಕೋಟಿನೊಳಗಿನ ಕಾಯಿಲೆಯವರೆಲ್ಲ ಕುಲುಕುತ್ತಾ, ಮೆಟ್ಟಿಲು ಹತ್ತಿ, ಮೊಣಕಾಲೂರಿ, ಬರಿಗೈಯಲ್ಲಿ ಕುಂಡ ಅಗೆದರು. ಡಬ್ಬಿ ಸಿಕ್ಕಿತು. ಅದನ್ನು ತಕ್ಷಣ ತೆರೆಯಲಿಲ್ಲ. ಒಂದೊಂದೇ ಮೂಲೆಯ ಮೇಲೆ ಬೆರಳಾಡಿಸಿದರು, ಕುರುಡರು ಮುಖ ಸವರಿದ ಹಾಗೆ. ಆಮೇಲೆ ಕಿವಿಗಿಟ್ಟುಕೊಂಡರು. ಆಮೇಲೇ ಮುಚ್ಚಳ ತೆಗೆದದ್ದು. ಸಾಹೇಬರು ನಾವಿಟ್ಟ ಹಾಗೆಯೇ ಇದ್ದರು.

ಉಳಿದ ಜೇಬುಗಳೆಲ್ಲ ಭರ್ತಿ. ದೊಡ್ಡಪ್ಪ ಎಡಗಡೆಯ ಕೆಳಗಿನ ಜೇಬಿನ ಬಾಯಿ ಬಿಡಿಸಿ, ತಲೆ ಬಗ್ಗಿಸಿ, ಅದರೊಳಕ್ಕೆ ಮೆಲ್ಲಗೆ, "ಸ್ವಲ್ಪ ಜರುಗು" ಎಂದರು. ಸಾಹೇಬರನ್ನು ಒಳಗಿಳಿಸಿದರು.

ಅಡುಗೆಮನೆಯ ಕುರ್ಚಿಯಲ್ಲಿ ಕೂತರು. ತಂಗಿ ನೆಲದ ಮೇಲೆ, ಕಣ್ಣು ಆ ಜೇಬಿನ ಮೇಲೆ. ಅಪ್ಪ ಬಿಸಿನೀರಿನ ಬಾಟಲಿ ತರುತ್ತೇನೆಂದರೆ, "ತಡಿ, ಚಳಿಗೆ ಇವರು ಸತ್ತ ಹಾಗೆ ಮರಗಟ್ಟಿ ಮಲಗ್ತಾರೆ, ಬೇಗ ಕಾಯಿಸಿದ್ರೆ ಎದೆ ತಡ್ಕೊಳ್ಳಲ್ಲ. ಮೈ ಬಿಸಿ ಸಾಕು" ಎಂದರು. ಅಮ್ಮನಿಗೆ ಸಿಟ್ಟು ಬಂದಿತ್ತು. "ಮಗೂಗೆ ಆಸೆ ಹುಟ್ಟಿಸ್ತಿದೀರಿ ಭಾವ. ಒಂದು ಸಾವಿಗೆ ಎರಡು ಸಲ ಅಳ್ಬೇಕಾ ಅವಳು?"

"ಬೆಚ್ಚಗಾದ್ಮೇಲೂ ಏಳಲಿಲ್ವಾ, ಅಳ್ಲಿ. ನಾನೂ ಅಳ್ತೀನಿ. ತಣ್ಣಗಿರೋವಾಗ ಬೇಡ."

ಬಹಳ ಹೊತ್ತು ಏನೂ ಆಗಲಿಲ್ಲ. ಒಂದು ಸಲ ಇಡೀ ಕೋಟು ನಿಂತುಹೋಯಿತು. ಬಲಗಡೆಯ ಉಬ್ಬು, ಪಕ್ಕೆಯ ಉಬ್ಬು, ಎಲ್ಲವೂ ಒಟ್ಟಿಗೆ, ಬಾಗಿಲಲ್ಲಿ ಯಾರೋ ಬಂದು ನಿಂತಾಗ ಮನೆಮಂದಿ ಮಾತು ನಿಲ್ಲಿಸುತ್ತಾರಲ್ಲ, ಹಾಗೆ. ಅಷ್ಟರಲ್ಲಿ ಎಡಗಡೆಯ ಜೇಬು ನಡುಗಿತು. ದೊಡ್ಡಪ್ಪ ಅಂಗೈ ತುಂಬ ಸಾಹೇಬರನ್ನು ಎತ್ತಿದರು: ಮೀಸೆ ಅದುರುತ್ತಿದೆ, ಮೈಯೆಲ್ಲ ಗಡಗಡ, ಒಂದು ಕಣ್ಣು ಕಪ್ಪು ಮಣಿಯ ಹಾಗೆ ತೆರೆದು ನಮ್ಮನ್ನೆಲ್ಲ ವಿಚಾರಣೆಗೆ ಕರೆದಂತೆ ನೋಡುತ್ತಿದೆ! ತಂಗಿ ಕಿರುಚಿದಳು, ನಾನು ಕಿರುಚಿದೆ, ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು, ಅಪ್ಪ ಮಾತ್ರ ಖಾಲಿ ಡಬ್ಬಿಯನ್ನು ಕೈಯಲ್ಲಿ ಹಿಡಿದು ಅದರ ಮುಚ್ಚಳ ತೆರೆದು ಮುಚ್ಚುತ್ತಾ ನಿಂತಿದ್ದರು.

ಸಾಹೇಬರನ್ನು ಕೆಲವು ದಿನ ನೋಡಿಕೊಳ್ಳಬೇಕು, ಸಕ್ಕರೆ ನೀರಿನ ಹನಿ ಕೊಡಬೇಕು ಎಂದು ದೊಡ್ಡಪ್ಪ ತಮ್ಮ ಮನೆಗೇ ಒಯ್ದರು, ನಾನೂ ಜೊತೆಗೆ ಹೋದೆ. ಎಲ್ಲರನ್ನೂ ಅವರವರ ಪೆಟ್ಟಿಗೆಗೆ ಬಿಟ್ಟು, ಕೋಟನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ಉಗುರಿನ ಮಣ್ಣು ತೊಳೆಯಲು ಬಚ್ಚಲಿಗೆ ನಡೆದರು. ನಾನು ದೊಡ್ಡಮ್ಮನಿಗೆ ಡಬ್ಬಿಯ ಮೂಲೆ ಸವರಿದ್ದನ್ನು ಹೇಳಿದೆ. ಅವರು ಒರೆಸುತ್ತಿದ್ದ ತಟ್ಟೆ ಕೆಳಗಿಟ್ಟರು.

"ನಮ್ಮ ಮಗ, ನಿಮ್ಮಣ್ಣ, ಚಿಕ್ಕವನಿದ್ದಾಗ ಅವನಿಗೂ ಒಂದಿತ್ತು. ಇದೇ ಥರ ಚಳೀಲಿ ತಣ್ಣಗಾಯ್ತು. ಇವರೇ ಕುಂಡದಲ್ಲಿ ಮಣ್ಣು ಮಾಡಿದ್ರು, ಬೇಗ ಮುಗಿಸೋಣ, ಮಗು ನೋಡ್ತಿದೆ ಅಂತ. ಆಮೇಲೆ ಗಿಡ ಬದಲಾಯಿಸೋವಾಗ ಡಬ್ಬಿ ತೆಗೆದ್ರೆ, ಒಂದು ಮೂಲೆ ಕಚ್ಚಿ ತೂತಾಗಿತ್ತು. ಒಳಗಡೆಯಿಂದ."

"ತಪ್ಪಿಸ್ಕೊಂಡಿತ್ತಾ?"

"ತೂತು ಬೀಜದಷ್ಟಿತ್ತು ಕಣೇ. ಅದರಲ್ಲಿ ಎಲ್ಲಿ ತೂರತ್ತೆ?"

"ಮತ್ತೆ ಒಳಗೆ?"

"ಏನೂ ಇರ್ಲಿಲ್ಲ. ಒಂದು ಕೂದಲೂ ಇರ್ಲಿಲ್ಲ. ಅವತ್ತು ಹಾಕಿದ್ದು ಆ ಕೋಟು."

ನಾನು ತಿರುಗಿ ನೋಡಿದೆ. ಮೊಳೆಯ ಮೇಲೆ ಕೋಟು, ಜೇಬುಗಳೆಲ್ಲ ಚಪ್ಪಟೆ, ತೋಳುಗಳು ಜೋತುಬಿದ್ದಿವೆ. ಎಡಗಡೆ ಕೆಳಗೆ ಮಾತ್ರ ಉಣ್ಣೆ ಮೆಲ್ಲಗೆ ಏರಿತು. ಇಳಿಯಿತು. ಎಷ್ಟೋ ಹೊತ್ತು ಬಿಟ್ಟು ಮತ್ತೆ ಏರಿತು. ಎಚ್ಚರವಿರುವ ಹ್ಯಾಮ್‌ಸ್ಟರಿನ ಪಟಪಟ ಉಸಿರಲ್ಲ, ಚಳಿಗೆ ಮರಗಟ್ಟಿ ಮಲಗಿದವರದು. ನನಗೆ ಗೊತ್ತಿಲ್ಲದೆಯೇ ಕೈ ಮುಂದೆ ಹೋಗಿತ್ತು.

"ತಡಿ," ಎಂದರು ದೊಡ್ಡಮ್ಮ, ಇಷ್ಟು ವರ್ಷ ಆ ಮಾತನ್ನು ಅಣಕಿಸುತ್ತಲೇ ಬಂದವರು. "ಎಬ್ಬಿಸ್ಬೇಡ. ಅವರು ಬರ್ಲಿ."

ಸಾವನ್ನು ಒಪ್ಪಿಕೊಳ್ಳದವರು ಎಂದು ಇಂಥವರ ಬಗ್ಗೆ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೆಚ್ಚಗೆ ಮಾಡಿ, ಕಾದು, ಏಳದಿದ್ದವರನ್ನು ದೊಡ್ಡಪ್ಪ ಎಷ್ಟೋ ಸಲ ತಮ್ಮ ಕೈಯಾರೆ ಮಣ್ಣಿಗಿಟ್ಟು, ಅತ್ತು, ಮುಖ ತೊಳೆದು ಅಂಗಡಿಗೆ ಹೋಗಿದ್ದಾರೆ. ಒಂದೇ ಒಂದು ಸಲ ಅವಸರ ಮಾಡಿ, ಆಮೇಲೆ ಇಡೀ ಬದುಕನ್ನು ನಿಧಾನವಾಗಿ ನಡೆಯುವವರು ಇವರು. ನಮ್ಮ ನಿಮ್ಮ ಮನೆಗಳಲ್ಲೂ ಒಬ್ಬರಿರುತ್ತಾರೆ, ಸೆಕೆಯಲ್ಲೂ ಏನನ್ನೋ ಹೊದ್ದುಕೊಂಡು, ಯಾರಿಗೂ ಕಾಣದ್ದಕ್ಕೆ ತಮ್ಮ ಮೈ ಬಿಸಿ ಕೊಡುತ್ತಾ. ಅಂಥವರ ಪಕ್ಕದಲ್ಲಿ ಕೂರುವಾಗ ಸ್ವಲ್ಪ ಜಾಗ ಬಿಟ್ಟು ಕೂರಬೇಕು. ಎಡಗಡೆ.