ಗೆಂಡೆ ಮೀನಿಗೆ ಮಾತು ಬರುವ ಸಂಜೆ

ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ, ಪ್ರವಚನದ ನಡುವೆ ಮಾತು ಮರೆತ ನಮ್ಮ ಪಾದ್ರಿಯ ಹಾಗೆ, ಮೊನ್ನೆಯಿಂದ ಸ್ನಾನದ ತೊಟ್ಟಿ ಕ್ರಿಸ್ಮಸ್ ಊಟಕ್ಕೆಂದು ಜೀವಂತ ತಂದ ಈ ಗೆಂಡೆ ಮೀನಿನದು, ಮೊನ್ನೆಯಿಂದ ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ, ನಾನು ತೊಟ್ಟಿಯ ಅಂಚಿನಲ್ಲಿ ಕೂತು ಮೀನಮೇಷ ಎಣಿಸುತ್ತಿದ್ದೇನೆ — ಮೀನು ಒಳಗೆ, ಮೇಷ ಹೊರಗೆ, ಅಪ್ಪನ ಮರದ ಕೊಡತಿ ಹಿಡಿದ ಕುರಿ. ಕಾಲೇಜಿನಲ್ಲಿ ಎಲ್ಲ ಮೇಷ್ಟ್ರುಗಳ ದನಿ ಅಣಕಿಸಿ ಹೆಸರು ಮಾಡಿದ ಕುರಿ, ಒಂದು ಮೀನಿನ ತಲೆಗೆ ಏಟು ಹಾಕಲು ಬಾರದ ಕುರಿ. ಅಮ್ಮ ಬೆಳಿಗ್ಗೆಯೇ ಹೇಳಿದಳು, ಬೀಟ್‌ರೂಟ್ ಸಾರಿನಿಂದ ಕಣ್ಣೆತ್ತದೆ, ಈ ಸಲ ನೀನೇ ಹೊಡಿ ಎರ್ವಿನ್, ಅಪ್ಪ ಬರೋದು ತಡ ಆಗತ್ತೆ. ತಡ. ಅಕ್ಟೋಬರಿನಿಂದ ಅಪ್ಪನಿಗೆ ತಡವಾಗುತ್ತಲೇ ಇದೆ. ಗಣಿಯ ತಳದಲ್ಲಿ ಬೆಂಕಿ ಬಿತ್ತು, ಬೆಂಕಿಯ ಉಸಿರು ಕಟ್ಟಬೇಕೆಂದು ಸುರಂಗಕ್ಕೆ ಅಡ್ಡಗೋಡೆ ಎಬ್ಬಿಸಿದರು, ಗೋಡೆಯಾಚೆ ಅಪ್ಪ, ಅವನ ಪಾಳಿಯವರು, ಬೆಂಕಿಗೂ ಗಾಳಿ ಬೇಕು, ಅಪ್ಪನಿಗೂ ಬೇಕು, ಗೋಡೆಗೆ ಏನು ಗೊತ್ತು ಯಾರು ಯಾರೆಂದು — ಬಾಯಿ ತೆರೆಯುತ್ತದೆ, ಮುಚ್ಚುತ್ತದೆ — ನವೆಂಬರಿನಲ್ಲಿ, ಸತ್ತವರನ್ನು ನೆನೆಯುವ ದಿನ, ಇಡೀ ಊರು ಗೋರಿಗಳ ಮೇಲೆ ದೀಪ ಹಚ್ಚಿ ಬೆಟ್ಟವೇ ಕೆಂಪಗಾದಾಗ ಅಮ್ಮ ಕಿಟಕಿಗೆ ಬೆನ್ನು ಹಾಕಿ ಎಲೆಕೋಸು ಹೆಚ್ಚುತ್ತಿದ್ದಳು, ಗೋರಿಯೇ ಇಲ್ಲ, ದೀಪ ಎಲ್ಲಿಡುವುದು, ಗಣಿಯವರನ್ನು ಕಾಯುವ ಸಂತ ಬಾರ್ಬರಾಳ ದಿನ ಗಣಿಯ ವಾದ್ಯದವರು ಬೀದಿಯಲ್ಲಿ ಊದುತ್ತಾ ಹೋದಾಗ ಅಪ್ಪನ ಗರಿಯ ಟೊಪ್ಪಿಗೆಯ ಧೂಳು ಕೊಡವಿ, ಮತ್ತೆ ಮೊಳೆಗೇ ತೂಗುಹಾಕಿದಳು, ಅಳಲಿಲ್ಲ, ಅಂದಿನಿಂದ ಇಂದಿನವರೆಗೆ ಅಳಲೂ ಇಲ್ಲ ನಗಲೂ ಇಲ್ಲ, ಏಪ್ರನ್ನಿನ ಜೇಬಿನಲ್ಲಿ ಕೈಯಿಟ್ಟು ಬೀಗದ ಕೈಯನ್ನು ತಿರುವುತ್ತಾಳೆ ಅಷ್ಟೆ.

ಆ ಬೀಗದ ಕೈ, ಅಪ್ಪ ಮನೆಯಲ್ಲಿಟ್ಟಿದ್ದ ಎರಡನೆಯದು. ಗಣಿಯಲ್ಲಿ ಬಟ್ಟೆ ಬದಲಿಸುವ ಕೋಣೆಯ ಸೂರು ಚರ್ಚಿನಷ್ಟು ಎತ್ತರ, ಒಬ್ಬೊಬ್ಬನಿಗೂ ಒಂದೊಂದು ಸರಪಳಿ, ಅದರ ತುದಿಗೆ ಕೊಕ್ಕೆ, ಮನೆಯಿಂದ ತೊಟ್ಟು ಬಂದದ್ದನ್ನೆಲ್ಲ ಸಿಕ್ಕಿಸಿ ಮೇಲೆಳೆದು ಬೀಗ ಹಾಕಿ ಕೆಳಗಿಳಿಯುತ್ತಾರೆ, ಮೇಲೆ ಬಂದವನು ತನ್ನದನ್ನು ಇಳಿಸಿಕೊಳ್ಳುತ್ತಾನೆ, ಆದ್ದರಿಂದ ಸೂರಿನಲ್ಲಿ ಬಟ್ಟೆ ತೂಗುತ್ತಿದೆಯೆಂದರೆ ಆಸಾಮಿ ಇನ್ನೂ ಪಾಳಿಯಲ್ಲಿದ್ದಾನೆ, ನಾನು ಹೋಗಿ ನೋಡಿದ್ದೇನೆ, ಅಪ್ಪನ ಕಂದು ಕೋಟು ಕತ್ತಿಲ್ಲದೆ, ಕಾಲಿಲ್ಲದೆ, ಕಿಟಕಿಯ ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು. ಮೇಸ್ತ್ರಿ ಕಳೆದ ವಾರ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ, ಹಬ್ಬ ಆದ್ಮೇಲೆ ಹೊಸಬರು ಬರ್ತಾರೆ ಒತಿಲಿಯಮ್ಮಾ, ಕೊಕ್ಕೆ ಬೇಕಾಗತ್ತೆ, ನೀವಾಗಿ ಇಳಿಸ್ಕೊಂಡ್ರೆ ಚೆನ್ನ, ಇಲ್ದಿದ್ರೆ ಬೀಗ ಒಡೀಬೇಕಾಗತ್ತೆ, ನನ್ ಕೈಲಿ ಅದನ್ನ ಮಾಡಿಸಬೇಡಿ. ಅಮ್ಮ ಅವನಿಗೆ ಚಹಾ ಕೊಟ್ಟಳು. ಪಾಳಿ ಮುಗೀಲಿ ಬಿಡಿ, ಅವರೇ ಇಳಿಸ್ಕೋತಾರೆ. ಯಾರೋ ಗುರುತಿಲ್ಲದವರು ಸುತ್ತಿಗೆಯಿಂದ ಬೀಗ ಕುಟ್ಟುತ್ತಾರೆ, ಅಪ್ಪನ ಕೋಟು ದೊಪ್ಪೆಂದು ಒದ್ದೆ ನೆಲಕ್ಕೆ ಬೀಳುತ್ತದೆ, ನನಗೆ ಕಣ್ಣು ಮುಚ್ಚಿದರೆ ಅದೇ ಸದ್ದು — ಒಳಗೆ ತಟ್ಟೆಗಳ ಸದ್ದು, ತಂಗಿ ಅನಿಯೆಲಾ ಬಿಳಿ ಮೇಜುವಸ್ತ್ರದಡಿ ಯೇಸುವಿನ ಗೋದಲಿಯ ನೆನಪಿಗೆ ಒಣಹುಲ್ಲು ಹರಡಿದ್ದಾಳೆ, ಪ್ರತಿ ವರ್ಷದ ಹಾಗೆ ಒಂದು ತಟ್ಟೆ ಹೆಚ್ಚು, ದಾರಿ ತಪ್ಪಿ ಬಂದವರಿಗೆಂದು, ಯಾರಿಗೆ ಎಂದಿಲ್ಲದ ಆ ತಟ್ಟೆಯ ಪಕ್ಕ ಈ ಸಲ ಅಮ್ಮ ಅಪ್ಪನ ಹಿಡಿ ಮುರಿದ ಲೋಟ ಇಟ್ಟಿದ್ದಾಳೆ, ಆಗಲೇ ಅನಿಯೆಲಾ ಇಲ್ಲಿಗೆ ನುಗ್ಗಿ ಬಾಗಿಲಿಗೆ ಒರಗಿ ಪಿಸುಗುಟ್ಟಿದ್ದು, ಆ ಲೋಟ ನೋಡ್ಕೊಂಡು ನಂಗೆ ತುತ್ತು ಇಳಿಯಲ್ಲ ಕಣೋ ಅಣ್ಣಾ, ಊರಿಗೆಲ್ಲ ಕೋತಿಯಾಟ ತೋರಿಸ್ತೀಯ, ಒಂದ್ಸಲ ಅಮ್ಮನ್ನ ನಗಿಸೋ, ಮೀನನ್ನ ಮಾತಾಡಿಸು, ಅಪ್ಪ ಆಡಿಸ್ತಿದ್ನಲ್ಲ ಹಾಗೆ.

ಅಪ್ಪ ಆಡಿಸುತ್ತಿದ್ದ. ಕ್ರಿಸ್ಮಸ್ಸಿನ ಈ ಒಂದು ಇರುಳು ಮೂಕಪ್ರಾಣಿಗಳಿಗೆ ಮಾತು ಬರುತ್ತದಂತೆ, ನಮ್ಮ ಮನೆಯಲ್ಲಿ ಮಾತ್ರ ಅದು ಸಂಜೆಗೇ ಬರುತ್ತಿತ್ತು, ಕೊಡತಿ ಏಳುವ ಮುಂಚೆ, ಮುಚ್ಚಿದ ಬಾಗಿಲ ಹಿಂದಿನಿಂದ ಗೆಂಡೆ ಪಾದ್ರಿಯ ಪಾಪ ಬಿಚ್ಚಿಡುತ್ತಿತ್ತು, ಮೇಸ್ತ್ರಿಯನ್ನು ಬೈಯುತ್ತಿತ್ತು, ಕೊನೆಗೆ ಅಮ್ಮನನ್ನು ತಿಲ್ಕಾ ಎಂದು ಮುದ್ದಿನ ಹೆಸರಲ್ಲಿ ಕೂಗಿ ಟವೆಲ್ ಕೇಳುತ್ತಿತ್ತು, ಥೂ ನಾಚಿಕೆಗೆಟ್ಟೋರೆ ಎಂದು ಅಮ್ಮ ಒಲೆಯ ಮುಂದೆ ಕೆಂಪಾಗುತ್ತಿದ್ದಳು. ಎದುರು ಮನೆಯ ಗೆರ್ತ್ರೂದಾ ಅತ್ತೆ ಹೋದ ವರ್ಷ ಶಿಲುಬೆಯ ಗುರುತು ಮಾಡಿಕೊಂಡಳು, ಪ್ರಾಣಿ ಮಾತಾಡಿದ್ದನ್ನ ಕೇಳಿದೋರು ಮುಂದಿನ ಹಬ್ಬ ಕಾಣಲ್ವಂತೆ ಅಲೋಯ್ಸ್, ಅದಕ್ಕೆ ಅಪ್ಪ, ನಾನು ಆಡೋನು ಅತ್ತೆ, ಕೇಳೋರು ನೀವು, ನಿಮ್ಮ ಗಂಟುಮೂಟೆ ಕಟ್ಕೊಳಿ. ಗೆರ್ತ್ರೂದಾ ಅತ್ತೆ ಈಗಲೂ ನಮ್ಮ ಅಡುಗೆಮನೆಯಲ್ಲಿ ಗಸಗಸೆ ಅರೆಯುತ್ತಿದ್ದಾಳೆ. ಬೆಳಕು ಹೋಗುತ್ತಿದೆ, ಮೊದಲ ನಕ್ಷತ್ರ ಕಂಡರೆ ಊಟಕ್ಕೆ ಕೂರಬೇಕು, ಮೀನು ಇನ್ನೂ ಜೀವಂತ, ಅನಿಯೆಲಾ ಹೊರಗಿನಿಂದ ಕೂಗಿಯೇಬಿಟ್ಟಳು, ಅಮ್ಮಾ, ಮೀನು ಏನೋ ಹೇಳ್ತಿದೆ ಬಾ, ಸರಿ, ಶುರು, ಮೊದಲು ಪಾದ್ರಿಯ ಮೂಗಿನ ದನಿ, ಗೆರ್ತ್ರೂದಾ ಅತ್ತೆ ಆಗಲೇ ಕಿಸಕ್ಕೆಂದಳು, ಆಮೇಲೆ ಮೇಸ್ತ್ರಿ, ಆಮೇಲೆ ಗೆರ್ತ್ರೂದಾ ಅತ್ತೆಯೇ, ಹಾಳಾದ್ದು ನನ್ನನ್ನೂ ಬಿಡಲ್ಲ ನೋಡು ಎಂದು ಅವಳು ಅಲ್ಲಿಂದಲೇ ಗದರಿದಳು, ಅಮ್ಮನ ಸೌಟು ಸಾರಿನಲ್ಲಿ ಆಡುತ್ತಲೇ ಇತ್ತು, ಇನ್ನು ಗೆಂಡೆಯದೇ ದನಿ ತೆಗೆಯಬೇಕೆಂದು ಗಂಟಲು ಸರಿಮಾಡಿಕೊಂಡೆ, ಬಂದದ್ದು ಕೆಮ್ಮು, ಕಲ್ಲಿದ್ದಲ ಪುಡಿ ಕೂತ ಎದೆಯ ಕೆಮ್ಮು, ನನ್ನದಲ್ಲದ್ದು, ಅದರ ಬೆನ್ನಿಗೇ ಮಾತು, ತಿಲ್ಕಾ, ನೀರು ತಣ್ಣಗಿದೆ ಕಣೇ, ಟವೆಲ್ ತಾ.

ಗಸಗಸೆ ಅರೆಯುವ ಸದ್ದು ನಿಂತಿತು. ಹೆಜ್ಜೆ, ಓಡುವ ಹೆಜ್ಜೆ, ಅಮ್ಮ ಓಡಿದ್ದನ್ನು ನಾನು ಯಾವತ್ತು ಕಂಡಿದ್ದೆ, ಬಾಗಿಲು ತೆರೆಯಿತು, ಒಲೆಯ ಮೇಲಿನ ಸರಿಗೆಯಿಂದ ಎಳೆದ ಬೆಚ್ಚನೆಯ ಟವೆಲ್ ಎರಡೂ ಕೈಯಲ್ಲಿ ಅಗಲಿಸಿ ಹಿಡಿದಿದ್ದಾಳೆ, ಕೂತ ನನ್ನ ತಲೆಯ ಮೇಲೆ, ಅಪ್ಪ ಎದ್ದು ನಿಂತಿದ್ದರೆ ಅವನ ಹೆಗಲು ಇರುತ್ತಿದ್ದ ಎತ್ತರಕ್ಕೆ, ಹಿಡಿದೇ ಇದ್ದಾಳೆ, ಆಮೇಲೆ ಕಣ್ಣು ಕೆಳಗಿಳಿಯಿತು, ನಾನು, ಕೊಡತಿ, ಮೀನು. ಮೊದಲು ಅವಳ ಹೊಟ್ಟೆ ಅಲುಗಿತು. ಆಮೇಲೆ ನಗು, ಅನಿಯೆಲಾ ನಕ್ಕಳು, ಗೆರ್ತ್ರೂದಾ ಅತ್ತೆ ಹೆದರಿಕೊಂಡೇ ನಕ್ಕಳು, ಎಲ್ಲರಿಗಿಂತ ಜೋರಾಗಿ ಅಮ್ಮ, ಟವೆಲ್ ಬಾಯಿಗೆ ಒತ್ತಿಕೊಂಡು, ತೊಟ್ಟಿಯ ಅಂಚು ಹಿಡಿದು ನೆಲಕ್ಕೆ ಕುಸಿದು, ಅವರಿಬ್ಬರ ನಗು ನಿಂತ ಮೇಲೂ ಅವಳದು ನಿಲ್ಲದೆ, ಆ ನಗುವಿನ ನಡುವೆಯೇ ಜೇಬಿನಿಂದ ಬೀಗದ ಕೈ ತೆಗೆದು ನನ್ನ ಒದ್ದೆ ಅಂಗೈಯಲ್ಲಿಟ್ಟು ಬೆರಳು ಮಡಚಿದಳು, ಹೋಗಿ ಅಪ್ಪನ ಕೋಟು ಇಳಿಸ್ಕೊಂಡ್ ಬಾ, ಒಗೀಬೇಕು, ಎಷ್ಟು ದಿನ ಆಯ್ತು, ನಗುತ್ತಲೇ ಇದ್ದಾಳೆ, ನಕ್ಷತ್ರ ಬಂತು ಎನ್ನುತ್ತಿದ್ದಾಳೆ ಅನಿಯೆಲಾ ಮೆಲ್ಲಗೆ, ನನ್ನ ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಕೊಡತಿ, ಹೊಡೆಯಬೇಕು, ಈಗ ಹೊಡೆಯಬೇಕು, ನೀರಿನಲ್ಲಿ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ದನಿಯಿಲ್ಲ, ತೆರೆಯುತ್ತದೆ