ಬಾವಿಗಿಳಿದ ದೀಪ

ಊರಾಚೆಯ ಬಯಲಿನಲ್ಲಿ ನೆಲ ಕೊರೆಯುವ ಕಂಪನಿಯ ಕಬ್ಬಿಣದ ಗೋಪುರ ಎದ್ದ ಮೇಲೆ ಯಾರಿಗೆ ಒಳ್ಳೆಯದಾಯಿತೋ ಬಿಟ್ಟಿತೋ, ಹಗ್ಗದಕ್ಕನ ಮನೆಗಂತೂ ಕೈತುಂಬ ಕೆಲಸ ಬಂತು. ಮೊದಲೆಲ್ಲ ನೀರು ತಳ ಕಂಡಾಗ ಮಾತ್ರ ಜನ ಬಾವಿ ತೊಳೆಯುವವರನ್ನು ನೆನೆಯುತ್ತಿದ್ದರು. ಈಗ ಹೊತ್ತಲ್ಲದ ಹೊತ್ತಿನಲ್ಲಿ ಕರೆ. ನೀರು ಒಂಥರಾ ನಾತ, ಮೇಲೆ ಪೊರೆ ಕಟ್ಟುತ್ತದೆ, ಸುಮ್ಮನಿದ್ದ ನೀರು ತಾನಾಗಿ ಗುಳುಗುಳು ಅನ್ನುತ್ತದೆ, ಕೆಸರು ತುಂಬಿರಬೇಕು, ಬಂದು ಒಮ್ಮೆ ಕೈಯಾಡಿಸಿ ಹೋಗಿ. "ಕಂಪನಿಯವರು ನಮ್ಮನ್ನೂ ಕೆಲಸಕ್ಕೆ ಇಟ್ಕೊಂಡ ಹಾಗಾಯ್ತಲ್ಲೇ" ಎಂದು ಅವಳ ಗಂಡ ನಗುತ್ತಿದ್ದ. "ಸಂಬಳ ಮಾತ್ರ ಊರಿನವರದ್ದು."

ಅವರ ಕಸುಬಿಗೆ ಮೂರು ಜನ ಬೇಕು. ಗಂಡ ಬಾವಿಗೆ ಇಳಿಯುವವನು. ಮೈದುನ ಕೆಸರಿನ ಬಕೆಟ್ಟು ಮೇಲೆಳೆದು ಸುರಿಯುವವನು. ಹಗ್ಗ ಅವಳದು. ಕಲ್ಲಿಗೆ ಕಾಲು ಕೊಟ್ಟು, ಹಗ್ಗವನ್ನು ಸೊಂಟಕ್ಕೆ ಒಂದು ಸುತ್ತು ಹಾಕಿಕೊಂಡು ನಿಂತಳೆಂದರೆ ಗಂಡನ ಭಾರವೆಲ್ಲ ಅವಳ ಬೆನ್ನಿಗೆ. ಹೆಂಡತಿ ಹೇಳಿದಂತೆ ಏಳುವ ಇಳಿಯುವ ಗಂಡ ಊರಿಗೆಲ್ಲ ಇವನೊಬ್ಬನೇ ಎಂದು ಜನ ಚುಡಾಯಿಸಿದರೆ, ಮೇಲಕ್ಕೆಳೆದುಕೊಳ್ಳುತ್ತಾಳಲ್ಲ, ಅಷ್ಟು ಸಾಕು ಬಿಡಿ ಎನ್ನುತ್ತಿದ್ದ.

ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಅವಳಿಗೆ ಕಲಿಸಿಕೊಟ್ಟದ್ದು ಎರಡೇ ಕಟ್ಟಳೆ. ಮೊದಲನೆಯದು ದೀಪ. ಮನುಷ್ಯ ಇಳಿಯುವ ಮುಂಚೆ ದೀಪ ಇಳಿಯಬೇಕು. ಕಂದೀಲಿನ ಗಾಜು ತೆಗೆದು, ಬತ್ತಿ ಹಚ್ಚಿ, ಹಗ್ಗಕ್ಕೆ ಕಟ್ಟಿ ನಿಧಾನವಾಗಿ ಇಳಿಬಿಡುವುದು. ಯಾರು ಇಳಿಯುತ್ತಾನೋ ಅವನೇ ಕಟ್ಟೆಯ ಮೇಲೆ ಬಗ್ಗಿ ಅದನ್ನು ನೋಡುತ್ತಿರುವುದು. ದೀಪ ಉರಿಯುತ್ತಿದ್ದರೆ ಗಾಳಿ ಒಳ್ಳೆಯದು. ಮಂಕಾಗಿ ಆರಿಹೋದರೆ ಕೆಳಗೆ ಕೆಟ್ಟ ಗಾಳಿ ನಿಂತಿದೆ. ಸೊಪ್ಪಿನ ಹೊರೆ ಕಟ್ಟಿ ಇಳಿಸಿ, ಎತ್ತಿ ಇಳಿಸಿ ಮಾಡಿ ಗಾಳಿ ಕದಡಬೇಕು. ಈ ಕಟ್ಟಳೆ ಅವರ ಮನೆತನದಲ್ಲಿ ಎಷ್ಟು ಜೀವ ಉಳಿಸಿತ್ತೋ ಲೆಕ್ಕವಿಲ್ಲ. ಎರಡನೆಯದು ಬಾಯಿ. ಬಾವಿಯಲ್ಲಿ ಕಂಡದ್ದು ಬೀದಿಗೆ ಬರಬಾರದು. ಬಾವಿಯಲ್ಲಿ ಏನೇನೋ ಸಿಗುತ್ತದೆ: ಜಗಳವಾಡಿ ಎಸೆದ ಪಾತ್ರೆ, ಕದ್ದು ಮುಚ್ಚಿಟ್ಟ ಬಾಟಲಿ, ಯಾರದೋ ಉಂಗುರ. ಒಬ್ಬರ ಮನೆಯ ನೀರಿನ ವಿಷಯ ಇನ್ನೊಬ್ಬರ ಮನೆಯಲ್ಲಿ ಆಡಿದವನನ್ನು ಮತ್ತೆ ಯಾರೂ ಒಳಗೆ ಸೇರಿಸುವುದಿಲ್ಲ.

ಆ ವರ್ಷ ಅವರು ಇಳಿದ ಬಾವಿಗಳಲ್ಲಿ ಕೆಸರೇ ಇರಲಿಲ್ಲ. ಬಕೆಟ್ಟಿನಲ್ಲಿ ಬರುತ್ತಿದ್ದದ್ದು ಶುದ್ಧ ಮರಳು. ಆದರೂ ನೀರು ಗುಳುಗುಡುತ್ತಿತ್ತು. ಗಂಡ ಮೇಲೆ ಬಂದವನೇ ತಲೆ ಸಿಡಿಯುತ್ತದೆ ಎಂದು ನೆರಳಲ್ಲಿ ಮಲಗಿಬಿಡುತ್ತಿದ್ದ. ಪ್ರತಿ ಮನೆಯವರೂ ಅವಳನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟುತ್ತಿದ್ದರು. ನಮ್ಮದೊಂದೇ ಹೀಗಾಗಿದೆ, ಯಾರಿಗೂ ಹೇಳಬೇಡ, ನಾಳೆ ಜಾಗ ಮಾರಬೇಕೆಂದರೆ ಯಾರು ಮೂಸಿ ನೋಡುತ್ತಾರೆ. ಬೇಕರಿಯಮ್ಮ ಮಾತ್ರ ಕಣ್ಣು ಒರೆಸಿಕೊಂಡು, ಹಿಟ್ಟು ಕಲಸಿದ ಕೈಗೇ ಆ ನಾತ ಹತ್ತುತ್ತದೆ, ತನ್ನ ಬ್ರೆಡ್ಡು ತಿಂದು ಯಾರಿಗಾದರೂ ಏನಾದರೂ ಆದರೆ ಎಂದು ಕೇಳಿದ್ದಳು. ಹಗ್ಗದಕ್ಕ ಎಲ್ಲರಿಗೂ ತಲೆಯಾಡಿಸಿದಳು. ಊರಿಗೆ ಊರೇ ಒಂದೇ ಮಾತನ್ನು ಅವಳ ಕಿವಿಯಲ್ಲಿ ಹೇಳಿ ಒಬ್ಬರಿಗೊಬ್ಬರು ಮುಚ್ಚಿಟ್ಟಿತು. ಅವಳೂ ಮುಚ್ಚಿಟ್ಟಳು. ಕಸುಬಿನ ಮರ್ಯಾದೆ ಎಂದುಕೊಂಡಳು.

ಪೋಸ್ಟ್ ಮಾಮನ ಬಾವಿಗೆ ಹೋದದ್ದು ಬಿಸಿಲೇರುವ ಮುಂಚೆ. ಅಂಚೆ ಕಚೇರಿಯಿಂದ ನಿವೃತ್ತನಾದ ಆತನ ಹೊಲದ ಅಂಚಿನಲ್ಲೇ ಕಂಪನಿಯ ಬೇಲಿ. ಉಳಿದ ಹೊಲವನ್ನೂ ಒಳ್ಳೆಯ ಬೆಲೆಗೆ ಅವರೇ ಕೊಳ್ಳುತ್ತಾರೆಂಬ ಮಾತು ನಡೆದಿತ್ತು. ಗೋಪುರದ ತುದಿಯ ಬೆಂಕಿ ಹಗಲಿನಲ್ಲೂ ಕಾಣುತ್ತಿತ್ತು. ನೆಲ ಸಣ್ಣಗೆ ನಡುಗಿ, ಅಡುಗೆಮನೆಯ ಲೋಟಗಳು ತಮ್ಮಷ್ಟಕ್ಕೆ ಕಟಕಟ ಅನ್ನುತ್ತಿದ್ದವು. ಮಾಮ ಬಾವಿ ತೋರಿಸಿ ಪತ್ರಿಕೆ ಓದಲು ಒಳಗೆ ಹೋದ. ಮೈದುನ ಬಕೆಟ್ಟು ತರಲು ಗಾಡಿಯ ಹತ್ತಿರ ಹೋದ. ಗಂಡ ಕಟ್ಟೆಯ ಮೇಲೆ ಎದೆ ಊರಿ ಬಗ್ಗಿದ. ಅವಳು ಗಾಜು ತೆಗೆದು, ಬತ್ತಿ ಹಚ್ಚಿ, ದೀಪ ಇಳಿಬಿಟ್ಟಳು.

ಹಗ್ಗದಲ್ಲಿ ಕಂದೀಲಿನ ತೂಕ ಹದವಾಗಿತ್ತು. "ಚೆನ್ನಾಗಿ ಉರೀತಿದೆ, ಬಿಡು" ಎಂದ ಗಂಡ.

ಮುಂದಿನದು ದೊಡ್ಡ ಸದ್ದೇನಲ್ಲ, ಯಾರೋ ದೊಡ್ಡದೊಂದು ಉಸಿರು ಬಿಟ್ಟಂತೆ ಬಾವಿ ಒಮ್ಮೆ ಭುಗ್ ಎಂದಿತು. ಬಾಯಿಂದ ನೀಲಿ ಬೆಂಕಿ ಎದ್ದು, ಬಗ್ಗಿದ್ದವನ ಮುಖ, ಎದೆ, ಚಾಚಿದ ಕೈಗಳನ್ನು ನೆಕ್ಕಿ ಒಳಗೆ ಹೋಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಗ್ಗ ಇನ್ನೂ ಅವಳ ಕೈಯಲ್ಲೇ ಇತ್ತು. ಅದರ ತುದಿಯಲ್ಲಿ ಕಂದೀಲೂ ಇತ್ತು.

ಪಕ್ಕದ ಪಟ್ಟಣದ ಸಣ್ಣ ಆಸ್ಪತ್ರೆಯಲ್ಲಿ ಗಂಡನನ್ನು ಬಟ್ಟೆ ಸುತ್ತಿದ ಗಂಟಿನಂತೆ ಮಲಗಿಸಿದ್ದರು. ಗಂಟಲೂ ಸುಟ್ಟಿತ್ತು, ಮಾತಿರಲಿಲ್ಲ. ನಮ್ಮ ಕೈಲಾದದ್ದು ಇಷ್ಟೇ, ಸುಟ್ಟಗಾಯಕ್ಕೆಂದೇ ಇರುವ ದೊಡ್ಡ ಆಸ್ಪತ್ರೆಗೆ ಬೇಗ ಸಾಗಿಸಿದರೆ ಉಳಿದಾನು ಎಂದರು ವೈದ್ಯರು. ಸಾಗಿಸುವುದು ಹೇಗೆ, ಅಲ್ಲಿ ಇಡಲು ದುಡ್ಡು ಎಲ್ಲಿಂದ ಎಂಬುದು ಅವಳ ಪಾಲಿಗೇ ಉಳಿಯಿತು.

ದಾರಿ ತೋರಿಸಲು ಬಂದವನು ಕಂಪನಿಯ ನಗುಸಾಹೇಬ. ಊರಿನವರ ಜೊತೆ ಮಾತಾಡಲೆಂದೇ ಕಂಪನಿ ಇಟ್ಟ ಮನುಷ್ಯ. ಬೈದರೂ ನಗುತ್ತಾನೆಂದು ಆ ಹೆಸರು ಬಿದ್ದಿತ್ತು. ಅಂದು ಮಾತ್ರ ನಗಲಿಲ್ಲ. ವಾರ್ಡಿನ ಹೊರಗಿನ ಬೆಂಚಿನಲ್ಲಿ ಅವಳ ಪಕ್ಕ ಕೂತು, ತನಗೂ ಮನೆ, ಸಂಸಾರ ಇದೆ, ನಿಮ್ಮ ಕಷ್ಟ ಅರ್ಥವಾಗುತ್ತದೆ ಎಂದ. ಊರಿನ ಸಭಾಭವನದಲ್ಲಿ ಸಭೆ ಕರೆದಿದ್ದಾರೆ, ಬಾವಿಯಲ್ಲಿ ಅನಿಲ ಇದೆಯೆಂದು ಕೆಲವರು ಗಾಳಿಸುದ್ದಿ ಹಬ್ಬಿಸುತ್ತಿದ್ದಾರೆ ಎಂದ. ಕೊನೆಗೆ ವಿಷಯಕ್ಕೆ ಬಂದ.

"ನೋಡಿ ಅಮ್ಮ, ಕೈ ಜಾರಿ ಕಂದೀಲು ಬಿತ್ತು, ಸೀಮೆಎಣ್ಣೆ ಚೆಲ್ಲಿ ಬಟ್ಟೆಗೆ ಹತ್ಕೊಳ್ತು. ಇಷ್ಟು ಹೇಳಿದ್ರೆ ಸಾಕು. ಸಭೆ ಮುಗಿಯೋ ಹೊತ್ತಿಗೆ ನಮ್ಮ ಆಂಬುಲೆನ್ಸ್ ಇಲ್ಲಿ ನಿಂತಿರುತ್ತೆ. ದೊಡ್ಡಾಸ್ಪತ್ರೆ ಜವಾಬ್ದಾರಿ ನಮ್ಮದು."

"ಹೇಳದಿದ್ರೆ?"

"ಹೇಳದಿದ್ರೆ ನನ್ನ ಕೈಲಿ ಏನಿದೆ ಅಮ್ಮ" ಎಂದ. ಈಗ ನಕ್ಕ.

ಕೈ ಜಾರಿತು ಎಂದವಳ ಹಗ್ಗಕ್ಕೆ ಮತ್ತೆ ಯಾರೂ ಜೀವ ಕಟ್ಟುವುದಿಲ್ಲ. ಹೋಗಲಿ, ಅವನು ಉಳಿದರೆ ಸಾಕು, ಕೂಲಿ ಮಾಡಿ ಬದುಕಬಹುದು. ಬಟ್ಟೆ ಸುತ್ತಿದ ಮುಖದಲ್ಲಿ ಕಾಣುತ್ತಿದ್ದ ಎರಡು ಕಣ್ಣುಗಳನ್ನು ನೋಡಿ ಅವಳು ಮನಸ್ಸಿನಲ್ಲೇ ಒಪ್ಪಿಬಿಟ್ಟಳು. ನೂರು ಸುಳ್ಳು ಹೇಳಿಸಿದರೂ ಹೇಳುತ್ತಿದ್ದಳು.

ಸಭೆಯ ದಿನ ಮೈದುನನ ಜೊತೆ ಊರಿಗೆ ಹೊರಟಳು. ಸಾಲುಸಾಲು ಲಾರಿಗಳು ಧೂಳೆಬ್ಬಿಸಿ ಹೋಗುತ್ತಿದ್ದವು. ಇಬ್ಬರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ರಸ್ತೆಯ ಅಂಚಿಗೆ ಸರಿದು ನಡೆದರು. ಯೋಚನೆ ಮಾಡಬೇಡಿ ಅತ್ತಿಗೆ, ಹೇಳಿಬಿಡಿ, ಒಂದು ಮಾತು ತಾನೇ ಎಂದು ಮೈದುನ ಧೈರ್ಯ ಹೇಳಿದ. ಮನೆ ನಡೆಯಬೇಕಲ್ಲ, ನಾಳೆ ಬೇಕರಿಯಮ್ಮನ ಬಾವಿ ಒಪ್ಪಿಕೊಂಡಿದ್ದೇನೆ ಎಂದ.

ಅವಳ ಹೆಜ್ಜೆ ನಿಂತಿತು. "ದೀಪ?"

"ಇಳಿಸದೆ ಇರೋಕಾಗುತ್ತಾ? ನೀವೇನೂ ಹೆದರ್ಬೇಡಿ. ಈ ಸಲ ನಾನೇ ಗಟ್ಟಿಯಾಗಿ ಹಿಡ್ಕೋತೀನಿ, ಜಾರೋಕೆ ಬಿಡಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಹಗ್ಗದ ತುದಿಯಲ್ಲಿ ಕಂದೀಲು ಇದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅದನ್ನು ಬಿಚ್ಚಿಟ್ಟವನೂ ಅವನೇ. ಆದರೂ ಅವಳಿನ್ನೂ ಆಡದ ಸುಳ್ಳು ಆಗಲೇ ಅವನ ತಲೆಯೊಳಗೆ ಮನೆಮಾಡಿತ್ತು. ನಾಳೆ ಬೆಳಿಗ್ಗೆ ಕಟ್ಟೆಯ ಮೇಲೆ ಎದೆ ಊರಿ ಬಗ್ಗುವವನು ಇವನು. ಪಕ್ಕದಲ್ಲಿ ಬೇಕರಿಯಮ್ಮ ನಿಂತಿರುತ್ತಾಳೆ. ಹಿಂದೆ ಉರಿಯುವ ಒಲೆ.

ಸಭಾಭವನ ತುಂಬಿತ್ತು. ನಗುಸಾಹೇಬ ಮೈಕು ಹಿಡಿದು, ಅನಿಲಕ್ಕೆಂದು ಗೋಪುರ ಕೊರೆಯುವುದು ಪಾತಾಳದಲ್ಲಿ, ನಿಮ್ಮ ಬಾವಿಯ ನೀರು ಮೇಲಿನ ಪದರದ್ದು, ಎರಡಕ್ಕೂ ಅಜಗಜಾಂತರ ಎಂದು ವಿವರಿಸುತ್ತಿದ್ದ. ಹಳೆಯ ಬಾವಿಗಳಲ್ಲಿ ಎಲೆ ಕೊಳೆತು ವಾಸನೆ ಬರುವುದು ಸಹಜ ಎಂದ. ಯಾರೂ ಎದುರಾಡಲಿಲ್ಲ. ನಮ್ಮ ನೀರೂ ಹಾಳಾಗಿದೆ ಎಂದು ಮೊದಲು ಬಾಯಿಬಿಟ್ಟು ತನ್ನ ಮನೆಗೆ ತಾನೇ ಮಸಿ ಬಳಿದುಕೊಳ್ಳಲು ಯಾರಿಗೆ ಬೇಕಿತ್ತು? ಪೋಸ್ಟ್ ಮಾಮ ಎದ್ದು ನಿಂತು, ಪಾಪ, ಹೆಣ್ಣುಮಗಳು, ಕೈ ಸೋತು ಕಂದೀಲು ಬಿತ್ತು, ತಾನು ಕಣ್ಣಾರೆ ನೋಡಿದೆ ಎಂದ. ಮೈಕು ಅವಳ ಕೈಗೆ ಬಂತು.

"ನೀವು ಒಳಗೆ ಪೇಪರ್ ಓದ್ತಿದ್ರಿ ಮಾಮ" ಎಂದಳು. ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದಳು. "ನನ್ನ ಕೈ ಜಾರಲಿಲ್ಲ. ದೀಪ ಚೆನ್ನಾಗಿ ಉರೀತಿತ್ತು. ನೀರಿನ ಮೇಲೆ ನಿಂತಿದ್ದ ಗಾಳಿಗೇ ಬೆಂಕಿ ಹತ್ತಿದ್ದು."

ನಗುಸಾಹೇಬ ಕೈ ಚಾಚಿದ. ಅವಳು ಮೈಕು ಕೊಡಲಿಲ್ಲ. ಮಾವ ಕಲಿಸಿದ ಎರಡನೆಯ ಕಟ್ಟಳೆಯನ್ನು ಅಲ್ಲೇ ಮುರಿದಳು. ಮನೆಮನೆ ಹಿಡಿದು ಹೇಳುತ್ತಾ ಹೋದಳು. ಬಡಗಿಯ ಮನೆಯ ನೀರು ಗುಳುಗುಡುತ್ತದೆ. ದರ್ಜಿಯ ಹಿತ್ತಲಲ್ಲಿ ಅದೇ ನಾತ. ಹಾಲಿನ ಡೈರಿಯ ಬಾವಿಗೆ ಇಳಿದಾಗ ಗಂಡನಿಗೆ ತಲೆಸುತ್ತು ಬಂದು ಹಗ್ಗದಲ್ಲೇ ಮೇಲಕ್ಕೆಳೆದುಕೊಂಡದ್ದು. ಬೇಕರಿಯದ್ದು. ನಿಮ್ಮದು. ನಿಮ್ಮದೂ. ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ತಮ್ಮದೊಂದೇ ಅಂದುಕೊಂಡವರು ಕದ್ದು ಕದ್ದು ಪಕ್ಕದವರ ಮುಖ ನೋಡಿಕೊಂಡರು. ಇನ್ನೇನು ಊರೆಲ್ಲ ಎದ್ದು ನಿಲ್ಲುತ್ತದೆ ಎಂದು ಅವಳು ಕಾದಳು.

ಡೈರಿಯವನು ಎದ್ದು ನಿಂತ. "ನಮ್ಮನೆ ಅನ್ನ ತಿಂದು ನಮ್ಮ ಬಾವಿ ಸುದ್ದೀನ ಬೀದಿಗೆ ತರ್ತೀಯಾ? ನಾಳೆಯಿಂದ ನನ್ನ ಹಾಲು ಯಾರು ಕೊಳ್ತಾರೆ, ನಿನ್ನಪ್ಪನಾ?"

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕಂಪನಿಯ ಮೇಲಲ್ಲ, ಅವಳ ಮೇಲೆ. ಭೂಮಿಯ ಹೊಟ್ಟೆ ಸೀಳಿದವನು ವೇದಿಕೆಯ ಮೇಲೆ ನೀರು ಕುಡಿಯುತ್ತಾ ಕೂತಿದ್ದ, ಪೇಟೆಯಿಂದ ತಂದ ಸೀಲಿನ ಬಾಟಲಿಯಿಂದ. ಊರಿನ ಸಿಟ್ಟಿಗೆ ಸಿಕ್ಕಿದ್ದು ಬಾವಿ ತೊಳೆಯುವವಳು.

ಸಂಜೆ ಆಸ್ಪತ್ರೆಯ ಮುಂದೆ ಯಾವ ವಾಹನವೂ ಬರಲಿಲ್ಲ. ಗಂಡನಿಗೆ ತಾನೇ ಹೇಳಬೇಕೆಂದು ಅವನ ಕಿವಿಯ ಹತ್ತಿರ ಬಗ್ಗಿ, ನಡೆದದ್ದನ್ನೆಲ್ಲ ಹೇಳಿದಳು. ಆಂಬುಲೆನ್ಸಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವನು ಬಹಳ ಹೊತ್ತು ಅವಳನ್ನು ನೋಡಿ, ನಿಧಾನವಾಗಿ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ನೋವಿಗೋ, ಸಿಟ್ಟಿಗೋ ಅವಳಿಗೆ ತಿಳಿಯಲಿಲ್ಲ. ತಿಳಿಸುವಷ್ಟು ದಿನ ಅವನು ಉಳಿಯಲೂ ಇಲ್ಲ.

ಮಣ್ಣು ಮಾಡಲು ಬಂದವರು ಬೆರಳೆಣಿಕೆಯ ಜನ. ಬೇಕರಿಯಮ್ಮ ಬಂದಿದ್ದಳು. ಬಾವಿಯ ಮೇಲೆ ಹಲಗೆ ಮುಚ್ಚಿದ್ದೇನೆ, ಒಲೆ ಹಚ್ಚುವುದನ್ನು ಬಿಟ್ಟಿದ್ದೇನೆ, ಮುಂದೇನೋ ಗೊತ್ತಿಲ್ಲ ಎಂದಳು. ಮೈದುನ ಯಾವ ಬಾವಿಗೂ ಹೋಗಲಿಲ್ಲ. ದೀಪ ಬೇಡವೆಂದರೆ ಗಾಳಿ ನೋಡುವುದು ಹೇಗೆ ಅತ್ತಿಗೆ ಎಂದು ಕೇಳಿದ. ಮಾವನಿಗೂ ಅವರ ಅಪ್ಪನಿಗೂ ಗೊತ್ತಿದ್ದ ಗಾಳಿ ಬೇರೆ. ಇದು ಯಾರೋ ಹೊರಗಿನಿಂದ ಬಂದು ಬಿಟ್ಟ ಗಾಳಿ. ಇದಕ್ಕೆ ಕಸುಬಿನಲ್ಲಿ ಮಾತೇ ಇರಲಿಲ್ಲ.

ಕೆಲವು ದಿನ ಕಳೆದು, ಒಂದು ಬೆಳಿಗ್ಗೆ ಕಂಪನಿಯ ಗಾಡಿ ಬೀದಿಗೆ ಬಂತು. ಅದರ ತುಂಬ ಕೆಂಪು ತಗಡಿನ ಹಲಗೆಗಳು. ಇಳಿದ ಕೂಲಿಯವನು ಒಂದೊಂದು ಬಾವಿಯ ಪಕ್ಕ ಗೂಟ ನೆಟ್ಟು ಹಲಗೆ ಹೊಡೆಯುತ್ತಾ ಬಂದ. ಇಲ್ಲಿ ಬೆಂಕಿ ನಿಷೇಧ. ಅಷ್ಟೇ ಬರಹ. ಯಾಕೆಂದು ಇಲ್ಲ, ಯಾರು ಹಾಕಿದ್ದೆಂದೂ ಇಲ್ಲ. ಅನಿಲವೇ ಇಲ್ಲದ ಬಾವಿಗಳಿಗೆ ಬೆಂಕಿ ಯಾಕೆ ಬೇಡ ಎಂದು ಕಿಟಕಿಗಳ ಹಿಂದೆ ನಿಂತವರು ಯಾರೂ ಕೇಳಲಿಲ್ಲ.

ಪೋಸ್ಟ್ ಮಾಮನ ಅಂಗಳದಲ್ಲಿ ಸುತ್ತಿಗೆಯ ಸದ್ದು ಕೇಳಿ ಹಗ್ಗದಕ್ಕ ಅಲ್ಲಿಗೆ ಹೋದಳು. ಕೂಲಿಯವನು ಕೊನೆಯ ಮೊಳೆ ಹೊಡೆದು, ಬೆವರು ಒರೆಸಿಕೊಂಡು, ಸುಸ್ತಾಗಿ ಬಾವಿಕಟ್ಟೆಗೆ ಒರಗಿದ. ಜೇಬಿನಿಂದ ಸಿಗರೇಟು ತೆಗೆದು ತುಟಿಗಿಟ್ಟ. ಇನ್ನೊಂದು ಕೈಯಲ್ಲಿ ಕಡ್ಡಿಪೆಟ್ಟಿಗೆ. ಅವನು ಕಡ್ಡಿ ಗೀರುವ ಮುಂಚೆ ಅವಳು ಓಡಿಹೋಗಿ ಅವನ ಮಣಿಕಟ್ಟು ಹಿಡಿದು ಈಚೆಗೆ ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು.

ಅವನಿಗೆ ಸಿಟ್ಟು ಬಂತು. "ಏನಕ್ಕ ಇದು, ಹುಚ್ಚಾ ನಿಂಗೆ?"

"ಹಲಗೆ ಓದ್ಲಿಲ್ವಾ?"

"ಓದಿದೆ. ಇಂಥವು ಎಲ್ಲಾ ಕಡೆ ಇರ್ತವಲ್ಲ. ಹೊಡಿ ಅಂದ್ರು, ಹೊಡೀತಿದೀನಿ."

ಅವಳು ಅವನ ಕೈ ಬಿಡದೆ ಅಲ್ಲೇ ನೆಲದ ಮೇಲೆ ಕೂತು, ಮೊದಲಿನಿಂದ ಹೇಳಿದಳು. ನೀಲಿ ಬೆಂಕಿ, ಒಂದು ಉಸಿರಿನಷ್ಟು ಹೊತ್ತು, ಬಟ್ಟೆ ಸುತ್ತಿದ ಮುಖ. ಅವನು ತುಟಿಯ ಸಿಗರೇಟನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅದು ಬೆರಳುಗಳ ನಡುವೆ ಪುಡಿಪುಡಿಯಾಗುತ್ತಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಬೆಳಿಗ್ಗೆಯಿಂದ ಅವನು ಒರಗಿ ಕೂತು ಸೇದಿದ ಬಾವಿಗಳು ಎಷ್ಟಿದ್ದವೋ.

"ನಮಗೆ ಯಾರೂ ಹೇಳ್ಲಿಲ್ಲ ಅಕ್ಕ" ಎಂದ ಕೊನೆಗೆ.

ಅವನು ಎದ್ದು ಗಾಡಿಯ ಕಡೆ ನೋಡಿದ. ಅರ್ಧಕ್ಕೂ ಹೆಚ್ಚು ಹಲಗೆಗಳು ಇನ್ನೂ ಅದರಲ್ಲೇ ಇದ್ದವು. ಇನ್ನು ಯಾವ್ಯಾವ ಮನೆ ಎಂದು ಕೇಳಿದ.

"ಎಲ್ಲಾ ಮನೆ" ಎಂದು ಅವಳೂ ಅವನ ಜೊತೆ ನಡೆದಳು. ಒಂದೊಂದು ಬಾವಿಯ ಹತ್ತಿರವೂ ಅವನು ಸುತ್ತಿಗೆ ಎತ್ತಿದಾಗ ಅವಳು ಆ ಮನೆಯ ಬಾಗಿಲು ಬಡಿದಳು. ಎಷ್ಟೋ ಬಾಗಿಲುಗಳು ತೆರೆಯಲಿಲ್ಲ. ಮುಚ್ಚಿದ ಬಾಗಿಲಿಗೇ ಕೇಳಿಸುವಷ್ಟು ಗಟ್ಟಿಯಾಗಿ, ಹಲಗೆಯಲ್ಲಿ ಬರೆಯದೆ ಬಿಟ್ಟದ್ದನ್ನು ಅವಳು ಹೇಳಿದಳು.